ಸಣ್ಣ ಬಾಯಿಯ ಬಾವಿ

ನನ್ನ ಗಂಡ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಒಂದೇ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಅವರು ನೆಲ ಕೊರೆಯುವವರಲ್ಲ. ಕೊರೆದರೆ ಎಷ್ಟು ಖರ್ಚು ಬೀಳುತ್ತದೆ ಎಂದು ಮುಂಚೆಯೇ ಹೇಳುವವರು, ಆಮೇಲೆ ಆ ಖರ್ಚನ್ನು ಹೇಗೆ ಇಳಿಸಬಹುದು ಎಂದು ತಲೆ ಕೆಡಿಸಿಕೊಳ್ಳುವವರು. ಹುಡುಗನನ್ನು ನೋಡಿಕೊಂಡು ಬಂದ ನಮ್ಮಪ್ಪ ಇದನ್ನು ವಿವರಿಸಿದಾಗ ನಮ್ಮವ್ವ, "ಅದುಕ್ಕೂ ಸಂಬಳ ಕೊಡೋರು ಇದ್ದಾರಾ?" ಎಂದಳು. ಇದ್ದರು, ಆದರೆ ಬರ್ಮಾದಲ್ಲಿದ್ದರು. ಅಲ್ಲಿ ಐರಾವತಿ ಎನ್ನುವ ದೊಡ್ಡ ನದಿಯ ದಂಡೆಯಲ್ಲಿ ಎಣ್ಣೆ ಬಾವಿಗಳಿದ್ದವು. ನಾವು ಬುಡ್ಡಿಗೆ ಹಾಕುವ ಸೀಮೆಎಣ್ಣೆ ಅಂಥ ಬಾವಿಗಳದ್ದೇ ಎಂದು ಅಪ್ಪ ಹೇಳಿದ. ಅವತ್ತು ಸಂಜೆ ದೀಪ ಹಚ್ಚುವಾಗ ಬುಡ್ಡಿಯನ್ನು ಕೊಂಚ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ನನ್ನ ತವರು ಮದ್ದೂರಿನ ಪಕ್ಕ, ಹೊಳೆ ದಂಡೆಯ ಊರು. ಗದ್ದೆ, ಕಬ್ಬು, ಒಂದು ಆಲೆಮನೆ. ನೀರು ಎಂದರೆ ಬೇಡ ಎಂದರೂ ಬಾಗಿಲಿಗೆ ಬರುವ ವಸ್ತು ಎಂದುಕೊಂಡು ಬೆಳೆದವಳು ನಾನು. ಕೊಟ್ಟ ಊರು ಮಳವಳ್ಳಿ ದಾರಿಯಲ್ಲಿ, ಮಳೆಯನ್ನೇ ನೆಚ್ಚಿದ ಬರೀ ಬೆದ್ದಲು. ಮಂಡ್ಯದ ಕಡೆ ನಾಲೆ ಬಂದು, ಸಕ್ಕರೆ ಕಾರ್ಖಾನೆ ಬಂದು, ಅಲ್ಲಿಯ ಜನ ಮಾತಿಗೆ ಮುಂಚೆ ಕಬ್ಬಿನ ರೇಟು ಹೇಳುವಂತಾಗಿತ್ತು. ನಮ್ಮೂರಿಗೆ ನಾಲೆಯ ಸುದ್ದಿ ಮಾತ್ರ ಬಂದಿತ್ತು. ರಾಗಿ, ಹುರುಳಿ, ಎಳ್ಳು. ಕುಡಿಯುವ ನೀರಿಗೆ ಊರಾಚೆ ಕಟ್ಟೆಗೆ ಹೋಗಿ ಬರುವುದರಲ್ಲೇ ಬೆಳಗು ಮುಗಿಯುತ್ತಿತ್ತು. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಮಾವ ತೀರಿಕೊಂಡ ಮೇಲೆ ತಾವೇ ಎತ್ತು ಕಟ್ಟಿ ಹೊಲ ಉಳುತ್ತಿದ್ದ ಹೆಂಗಸು. ಯಾರಾದರೂ ನಕ್ಕರೆ ಅವರ ಮುಖಕ್ಕೇ ಬೈದು ಉಳುಮೆ ಮುಂದುವರಿಸುತ್ತಿದ್ದರು. ನನಗೆ ಅವರನ್ನು ಕಂಡರೆ ಹೆದರಿಕೆಯೂ ಇತ್ತು, ಪ್ರೀತಿಯೂ ಇತ್ತು.

ಮದುವೆಯಾದ ಮೇಲೆ ನನ್ನ ಗಂಡ ರಜೆ ಮುಗಿಯುವ ತನಕ ಜೊತೆಯಲ್ಲಿದ್ದು, ಮದ್ರಾಸಿಗೆ ಹೋಗಿ ಹಡಗು ಹತ್ತಿದರು. ಮತ್ತೆ ಬಂದಿದ್ದು ಒಂದೇ ಸಲ, ಇನ್ನೊಂದು ರಜೆಗೆ. ಆ ರಜೆಯಲ್ಲಿ ನಾನು ಅವರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದೆ. ಅಲ್ಲಿ ಕೆಲಸದವರಿಗೆ ಮರದ ಮನೆಗಳಂತೆ, ನೆಲ ಮುಟ್ಟದೆ ಕಂಬಗಳ ಮೇಲೆ ನಿಂತಿರುತ್ತವಂತೆ. ಅಡಿಗೆಮನೆಯ ಕಿಟಕಿ ನದಿಯ ಕಡೆಗಂತೆ. ನಲ್ಲಿ ತಿರುಗಿಸಿದರೆ ನೀರಂತೆ. ಹಾಗಾದರೆ ಒರಳುಕಲ್ಲನ್ನು ಕಿಟಕಿಯ ಎಡಗಡೆ ಇಡುತ್ತೇನೆ ಎಂದೆ. ಹಲಗೆಯ ನೆಲ ಒರಳಿನ ಭಾರ ತಡೆಯುವುದಿಲ್ಲ ಎಂದರು. ಒರಳಿಲ್ಲದ ಮನೆ ಎಂಥ ಮನೆ ಎಂದು ನಾನು ಮುನಿಸಿಕೊಂಡೆ. ಸಮುದ್ರದಾಚೆಯ, ನಾನು ಕಣ್ಣಿಂದ ಕಾಣದ ಮನೆಯ ಒರಳಿಗಾಗಿ ಗಂಡ ಹೆಂಡಿರು ಒಂದು ದಿನವೆಲ್ಲ ಮಾತು ಬಿಟ್ಟಿದ್ದೆವು. ಹೋಗುವಾಗ, ಮುಂದಿನ ಸಲ ಬಂದು ಕರೆದುಕೊಂಡು ಹೋಗುತ್ತೇನೆ ಎಂದರು.

ಮುಂದಿನ ಸಲ ಬರುವ ಮೊದಲು ಅಲ್ಲಿಗೆ ಯುದ್ಧ ಬಂತು. ಸುದ್ದಿ ನಿಂತುಹೋಯಿತು. ಆ ತಿಂಗಳುಗಳ ವಿಚಾರ ನಾನು ಹೆಚ್ಚು ಬರೆಯುವುದಿಲ್ಲ. ಒಂದು ಮಧ್ಯಾಹ್ನ ಮದ್ದೂರಿನಿಂದ ಬರುವ ದಾರಿಯಲ್ಲಿ ಒಬ್ಬ ಗಡ್ಡದವನು ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ನಾನು ಯಾರೋ ಬೈರಾಗಿ ಎಂದುಕೊಂಡು ಒಳಗೆ ರಾಗಿ ತರಲು ಹೋದೆ. ಅತ್ತೆ ನಡಿಗೆಯಿಂದಲೇ ಗುರುತು ಹಿಡಿದರು. ಮಗನ ತೋಳು ಮುಟ್ಟಿ ನೋಡಿ, "ಮೂಳೆ ಕಳುಸವ್ರೆ ಕಣಮ್ಮ, ಮಾಂಸ ಅಲ್ಲೇ ಮಡಿಕಂಡವ್ರೆ," ಎಂದರು, ಆಮೇಲೆ ಅತ್ತರು.

ಅವರು ಬೆಟ್ಟ ಕಾಡು ದಾಟಿ ನಡೆದು ಬಂದಿದ್ದರು. ದಾರಿಯಲ್ಲಿ ಸತ್ತವರ ವಿಚಾರ ಎಂದೂ ಹೇಳಲಿಲ್ಲ. ಹೇಳಿದ್ದು ಬಾವಿಗಳ ವಿಚಾರ. ಶತ್ರುವಿನ ಕೈಗೆ ಸಿಗಬಾರದೆಂದು ಎಣ್ಣೆ ಬಾವಿಗಳನ್ನು ತಮ್ಮ ಕಡೆಯವರೇ ಕೆಡಿಸಿದರಂತೆ, ಬಾಯೊಳಗೆ ಕಬ್ಬಿಣ ಹಾಕಿ, ಸಿಮೆಂಟು ಸುರಿದು, ಉಳಿದಿದ್ದಕ್ಕೆ ಬೆಂಕಿ ಹಚ್ಚಿದರಂತೆ. ಒಂದೊಂದು ಬಾವಿಗೂ ಇವರು ಖರ್ಚಿನ ಅಂದಾಜು ಹಾಕಿದ್ದರು, ಒಂದೊಂದರಲ್ಲೂ ಅಷ್ಟೋ ಇಷ್ಟೋ ಉಳಿಸಿದ್ದರು. ಜಗಲಿಯ ಮೇಲೆ ಕೂತು ಅದನ್ನೇ ನೆನೆಯುತ್ತಿದ್ದರು. ನಮ್ಮೂರಿನ ಸದ್ದಿಲ್ಲದ ಮಧ್ಯಾಹ್ನಗಳನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಅಲ್ಲಿ ಪಂಪುಗಳ ಸದ್ದು ಯಾವಾಗಲೂ ಇರುತ್ತಿತ್ತಂತೆ, ನಿಂತರೇ ಎಚ್ಚರವಾಗುತ್ತಿತ್ತಂತೆ. ಗಂಡ ಮನೆಯಲ್ಲಿದ್ದೂ ಅವರಿಗಾಗಿ ನಾನು ಇನ್ನೂ ಕಾಯುತ್ತಲೇ ಇದ್ದೇನೆ ಎನಿಸುತ್ತಿತ್ತು. ಅವರು ದೂರವಿದ್ದಾಗ ಪಟ್ಟ ಆಸೆಗಿಂತ ಪಕ್ಕದಲ್ಲಿದ್ದಾಗ ಪಟ್ಟ ಆಸೆಯೇ ಹೆಚ್ಚು.

ಅವರನ್ನು ಮಾತಿಗೆಳೆಯಲು ನನಗೆ ಒಂದೇ ದಾರಿ ಕಂಡಿತು. ಅವರ ಕೆಲಸವನ್ನು ಕೇಳುವುದು. ಅವರೆಕಾಯಿ ಸುಲಿಯುತ್ತಾ ಕೂತು, ಎಣ್ಣೆ ಬಾವಿಗೆ ಅಂದಾಜು ಹೇಗೆ ಹಾಕುತ್ತೀರಿ ಎಂದೆ. ಅವರ ಮುಖ ಬದಲಾಯಿತು.

"ಆಳ ಏಟು ಅಂತ ಮೊದ್ಲು ಕೇಳ್ಬಾರ್ದು," ಎಂದರು. "ಪಕ್ಕದ್ ಬಾವಿ ಕೊರೆದಾಗ ಏನಾಯ್ತು ಅಂತ ಕೇಳ್ಬೇಕು. ಎಲ್ಲಿ ಮಣ್ಣು ಕುಸೀತು, ಎಲ್ಲಿ ಕಲ್ ಸಿಕ್ತು, ಎಲ್ಲಿ ಕೊರ್ಯೋ ಉಳಿ ಮುರೀತು. ಅದು ಗೊತ್ತಾದ್ರೆ ಅರ್ಧ ಅಂದಾಜು ಆದಂಗೆ."

ಉಳಿದ ಅರ್ಧದಲ್ಲಿ ಏನೇನಿತ್ತು ಎಂದು ದಿನಕ್ಕಿಷ್ಟು ಹೇಳಿದರು. ಬಾವಿಯ ಗೋಡೆ ಕುಸಿಯದಂತೆ ಇಳಿಸುವ ಕಬ್ಬಿಣದ ಕೊಳವೆ, ಮೊಂಡಾಗುವ ಉಳಿಗಳು, ಬಾಯ್ಲರಿಗೆ ಉರುವಲು, ಜನದ ಕೂಲಿ. ಇವೆಲ್ಲ ಕಣ್ಣಿಗೆ ಕಾಣುವ ಖರ್ಚುಗಳು. ಕಾಣದ ಖರ್ಚು ಎಂದರೆ ಕೆಲಸ ನಿಂತ ಹೊತ್ತು. ಉಳಿ ಬರುವ ತನಕ, ಕೊಳವೆ ಬರುವ ತನಕ ಯಂತ್ರ ಜನ ಎಲ್ಲ ಸುಮ್ಮನೆ ನಿಂತಿದ್ದರೂ ದುಡ್ಡು ಹರಿಯುತ್ತಲೇ ಇರುತ್ತದೆ. ನನಗೆ ಇದು ಚೆನ್ನಾಗಿ ತಿಳಿಯಿತು. ಆಲೆಮನೆಯಲ್ಲಿ ಕಬ್ಬಿನ ಗಾಡಿ ತಡವಾದರೆ ಒಲೆ ಸುಮ್ಮನೆ ಉರಿಯುವುದನ್ನು ನೋಡಿ ಅಪ್ಪ ಕೂಗಾಡುತ್ತಿದ್ದುದು ನೆನಪಿತ್ತು.

ಆದರೆ ಅವರಿಗೆ ಬಡ್ತಿ ತಂದುಕೊಟ್ಟ ಉಪಾಯ ಬೇರೆ. ಬಾವಿಯನ್ನು ಕಿರಿದು ಮಾಡುವುದು. ಬಾಯಿ ಕಿರಿದಾದರೆ ಒಡೆಯುವ ಕಲ್ಲು ಕಡಿಮೆ, ಎತ್ತುವ ಮಣ್ಣು ಕಡಿಮೆ, ಇಳಿಸುವ ಕಬ್ಬಿಣ ಕಡಿಮೆ, ಹಿಡಿಯುವ ಕಾಲ ಕಡಿಮೆ. ಮೇಲಿನವರು ಮೊದಲು ಒಪ್ಪಲಿಲ್ಲವಂತೆ. ಆಮೇಲೆ ಒಪ್ಪಿ, ಹೊಸದೆಲ್ಲ ಹಾಗೇ ಕೊರೆದರಂತೆ.

"ಸಣ್ಣ ಬಾವೀಲಿ ಎಣ್ಣೆ ಕಮ್ಮಿ ಬರಾಕಿಲ್ವಾ?" ಎಂದೆ.

"ನಿಧಾನುಕ್ಕೆ ಬತ್ತದೆ, ಅಷ್ಟೇಯ. ಬರ್ಲಿ ಬುಡು. ಪಂಪ್ಗೇನು ಸುಸ್ತಾಯ್ತದಾ?"

ನಾನು ನಕ್ಕೆ. ಬಹಳ ದಿನದ ಮೇಲೆ ಅವರೂ ನಕ್ಕರು. ಆ ಸಂಜೆ ಅವರು ತಿರುಗಿ ಬಂದರು ಎಂದು ನನ್ನ ಲೆಕ್ಕ.

ಚಳಿ ಮುಗಿಯುವ ಹೊತ್ತಿಗೆ ಅಸ್ಸಾಮಿನಿಂದ ಕಾಗದ ಬಂತು. ಅಲ್ಲಿಯೂ ಎಣ್ಣೆ ಬಾವಿಗಳಿದ್ದವು, ಯುದ್ಧಕ್ಕೆ ಎಣ್ಣೆ ಬೇಕಾಗಿತ್ತು, ಬರ್ಮಾದಿಂದ ತಪ್ಪಿಸಿಕೊಂಡು ಬಂದ ಅನುಭವಸ್ಥರನ್ನು ಹುಡುಕಿ ಹುಡುಕಿ ಕರೆಯುತ್ತಿದ್ದರು. ಅವರು ಕಾಗದವನ್ನು ಜೋರಾಗಿ ಓದಿ, "ಮನೆ ಕೊಡ್ತಾರಂತೆ. ನೀನೂ ಬರ್ಬೋದು," ಎಂದರು. ನಾನು ಮುದ್ದೆ ತೊಳಸುತ್ತಿದ್ದೆ. ಮುದ್ದೆ ತಳ ಹಿಡಿಯಿತು, ಅವತ್ತು ಮೂವರೂ ಸೀದ ಮುದ್ದೆ ಉಂಡೆವು. ಅಸ್ಸಾಮು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಹಡಗು ಬೇಡ, ರೈಲು ಸಾಕು ಎಂಬುದಷ್ಟೇ ತಲೆಯಲ್ಲಿತ್ತು.

ಅತ್ತೆ ಉಂಡು ಕೈ ತೊಳೆದ ಮೇಲೆ ಬಾಯಿ ಬಿಟ್ಟರು. "ಓಗಿ. ಬ್ಯಾಡ ಅನ್ನಾಕಿಲ್ಲ. ಆದ್ರೆ ಕಟ್ಟೆಯಿಂದ ನೀರ್ ಒರಾಕೆ ಈ ಸೊಂಟುಕ್ಕಾಗಾಕಿಲ್ಲ. ಬರೀ ಮಳೆ ನೆಚ್ಕಂಡು ಉಳಾಕೂ ಆಗಾಕಿಲ್ಲ. ಒಲದಲ್ಲಿ ಒಂದ್ ಬಾವಿ ತೋಡ್ಸ್ಕೊಟ್ಟು ಓಗ್ಲಾ. ನೀರ್ ಬಂದ್ ದಿನವೇ ನೀವಿಬ್ರೂ ಗಾಡಿ ಅತ್ತಿ, ನಾನೇ ಅರಿಶಿನ ಕುಂಕುಮ ಕೊಟ್ಟು ಕಳುಸ್ತೀನಿ."

ನ್ಯಾಯದ ಮಾತು. ಅವರು ಅಸ್ಸಾಮಿಗೆ ಬರೆದು ಮಳೆಗಾಲದ ತನಕ ಸಮಯ ಕೇಳಿದರು, ಅಲ್ಲಿಂದ ಆಗಲಿ ಎಂದು ಬಂತು. ಮಳೆಗಾಲಕ್ಕೆ ಬಾವಿ ಮುಗಿದರೆ ನಾನು ಹೋಗುತ್ತೇನೆ, ಮುಗಿಯದಿದ್ದರೆ ಅವರೊಬ್ಬರೇ ಹೋಗುತ್ತಾರೆ. ವಿಷಯ ಇಷ್ಟೇ ಆಗಿತ್ತು, ನನಗೆ ಅದಕ್ಕಿಂತ ದೊಡ್ಡ ವಿಷಯ ಆ ಬೇಸಿಗೆಯಲ್ಲಿ ಭೂಮಿಯ ಮೇಲೆ ಇರಲಿಲ್ಲ.

ಅವರು ಅಂದಾಜು ಶುರು ಮಾಡಿದ್ದು ಎಣ್ಣೆ ಬಾವಿಯ ಪದ್ಧತಿಯಲ್ಲೇ. ಬೆಳಿಗ್ಗೆ ಎದ್ದು ಸುತ್ತಲಿನ ಊರುಗಳಿಗೆ ಹೋಗುವುದು, ಇದ್ದಬದ್ದ ಬಾವಿಗಳ ಕಟ್ಟೆಯ ಮೇಲೆ ನಿಂತು ಒಳಗೆ ಬಗ್ಗಿ ನೋಡುವುದು, ಕಲ್ಲೊಂದನ್ನು ಹಾಕಿ ಸದ್ದು ಕೇಳುವುದು. ಬರ್ಮಾದಿಂದ ಬಂದವನು, ಮೈಯಲ್ಲಿ ಮಾಂಸವಿಲ್ಲ, ಮಾತು ಕಡಿಮೆ, ಕಂಡ ಕಂಡ ಬಾವಿ ಇಣುಕುತ್ತಾನೆ. ಊರವರು ಏನೆಂದುಕೊಂಡಾರು? ಪಕ್ಕದ ಹಳ್ಳಿಯ ಒಬ್ಬಾಕೆ ಅವರನ್ನು ಬಾವಿಯ ಹತ್ತಿರದಿಂದ ಕೈ ಹಿಡಿದು ಎಳೆದುಕೊಂಡು ಹೋಗಿ, ಮಜ್ಜಿಗೆ ಕೊಟ್ಟು, ಬದುಕಿ ಬಂದ ಜೀವ ಹಾಳು ಮಾಡಿಕೊಳ್ಳಬಾರದು ಎಂದು ಬುದ್ಧಿ ಹೇಳಿದಳು. ಇನ್ನೊಬ್ಬ ರೈತ ನಮ್ಮ ಮನೆಗೇ ಬಂದು ಅತ್ತೆಗೆ, "ನಿನ್ ಮಗನ್ ಮ್ಯಾಲೆ ಒಂದ್ ಕಣ್ಣಿಟ್ಟಿರವ್ವ. ನಮ್ದು ಕುಡಿಯೋ ನೀರಿನ್ ಬಾವಿ," ಎಂದ. ಅತ್ತೆಗೆ ಸಿಟ್ಟು, ನನಗೆ ನಗು. ಆಮೇಲೆ ಅವರ ಜೊತೆ ನಾನೂ ಹೋಗತೊಡಗಿದೆ. ಹೆಂಡತಿ ಜೊತೆಗಿದ್ದರೆ ಬಾವಿಗೆ ಬೀಳುವವನಲ್ಲ ಎಂದು ಜನ ನಂಬಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ಗಂಡನ ಪಕ್ಕ ಊರೂರು ನಡೆದದ್ದು ನನ್ನ ಬಾಳಿನಲ್ಲಿ ಆ ದಿನಗಳಲ್ಲೇ. ಅವರು ಮುಂದೆ, ನಾನು ಸ್ವಲ್ಪ ಹಿಂದೆ, ಊರು ದಾಟಿದ ಮೇಲೆ ಪಕ್ಕಪಕ್ಕ. ದಾರಿಯಲ್ಲಿ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಮೇಲೆ ಕೆಮ್ಮಣ್ಣು, ಕೆಳಗೆ ಜಲ್ಲಿಯಂಥ ಗರಸು, ಅದರ ಕೆಳಗೆ ಬಂಡೆ, ನೀರು ಇರುವುದು ಬಂಡೆಯ ಬಿರುಕಿನಲ್ಲಿ, ಎಂದು ಅವರು ಕಡ್ಡಿಯಿಂದ ನೆಲದ ಮೇಲೆ ಗೀರಿ ತೋರಿಸುತ್ತಿದ್ದರು. ನಾನು ಗೀರನ್ನು ನೋಡುತ್ತಿರಲಿಲ್ಲ.

ಜಗಲಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಅಂದಾಜು ಮೂಡಿತು. ಅತ್ತೆ ಗೋಡೆ ಹಾಳಾಯಿತೆಂದು ಗೊಣಗಿದರು, ಆದರೆ ಸಾರಿಸಲಿಲ್ಲ. ತೋಡುವವರು ಮಳವಳ್ಳಿ ಕಡೆಯ ಒಂದು ಕುಟುಂಬ, ಅಣ್ಣತಮ್ಮಂದಿರು, ಅವರ ಹೆಂಗಸರು, ಒಬ್ಬ ಯಜಮಾನ. ಊರಿನ ರೂಢಿಯಂತೆ ಅವರು ಆಳುದ್ದದ ಲೆಕ್ಕದಲ್ಲಿ ಕೂಲಿ ಕೇಳಿದರು. ಮೊದಲ ಆಳುದ್ದಕ್ಕೆ ಇಷ್ಟು, ಎರಡನೆಯದಕ್ಕೆ ಅದಕ್ಕಿಂತ ಹೆಚ್ಚು, ಇಳಿದಷ್ಟೂ ಏರುವ ಕೂಲಿ. ಇವರು ಒಪ್ಪಿದರು. ಚೌಕಾಸಿ ಮಾಡದೆ ಒಪ್ಪಿದ್ದಕ್ಕೆ ಅತ್ತೆ ತಲೆ ಚಚ್ಚಿಕೊಂಡರು. ಕೂಲಿ ಕಡಿಮೆ ಮಾಡುವುದು ಖರ್ಚು ಕಡಿಮೆ ಮಾಡುವ ಕೆಟ್ಟ ದಾರಿ, ಅದರಿಂದ ಕೆಲಸ ಕೆಡುತ್ತದೆ ಎಂದು ಇವರು ಹೇಳಿದರು. ಅವರ ಕಣ್ಣು ಇದ್ದದ್ದು ಕೆಲಸ ನಿಂತ ಹೊತ್ತಿನ ಮೇಲೆ, ಮತ್ತು ಬಾವಿಯ ಬಾಯಿಯ ಮೇಲೆ.

ಬಾಯಿಯ ವಿಚಾರಕ್ಕೆ ತಾಯಿ ಮಗನಿಗೆ ಜಗಳವಾಯಿತು. ಹೊಲದ ಬಾವಿ ಎಂದರೆ ನಮ್ಮ ಕಡೆ ಅಗಲವಾದ ಬಾಯಿ, ಎರಡು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದಂತೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬಂದು ತೊಟ್ಟಿಗೆ ಸುರಿಯುತ್ತದೆ, ಅದು ಕಪಿಲೆ. ಇವರು ಒಂದೇ ಕಪಿಲೆ ಕೂರುವಷ್ಟು ಕಿರಿದಾದ ಬಾವಿ ಎಂದರು.

"ಎಲ್ಡ್ ಕಪಿಲೆ ಇಲ್ದಿದ್ದ್ ಮ್ಯಾಲೆ ಅದ್ಯಾವ ಸೀಮೆ ಬಾವಿಲಾ? ಬಿಂದ್ಗೆ ಬುಟ್ಟು ನೀರ್ ಸೇದಾಕಾ?" ಎಂದರು ಅತ್ತೆ.

"ಎಲ್ಡ್ ಕಪಿಲೆಗೆ ನಾಕ್ ಎತ್ತು ಬೇಕು ಕಣವ್ವ. ನಮ್ತಾವ ಇರೋದೇ ಎಲ್ಡು. ಇಲ್ದಿರೋ ಎತ್ತಿಗೆ ಯಾಕ್ ಜಾಗ ಮಾಡೋದು?"

ಅತ್ತೆ ನನ್ನ ಮುಖ ನೋಡಿದರು. ನಾನು ಗಂಡನ ಪರ. ಅಗಲದ ಬಾವಿ ಮಳೆಗಾಲಕ್ಕೆ ಮುಗಿಯುವುದಿಲ್ಲ, ಕಿರಿದು ಮುಗಿಯುತ್ತದೆ ಎಂದು ಅವರು ಹೇಳಿದ್ದೇ ಸಾಕಾಗಿತ್ತು. ಸೂಜಿಯಷ್ಟು ಕಿರಿದು ಮಾಡಿ ಎಂದಿದ್ದರೂ ಹೂಂ ಎನ್ನುತ್ತಿದ್ದೆ. ಅತ್ತೆ, "ಗಂಡ ಎಂಡ್ರು ಒಂದಾದ್ ಮ್ಯಾಲೆ ನಂದೇನದೆ," ಎಂದು ಎದ್ದು ಹೋದರು.

ಕೆಲಸ ಓಡಿತು. ಸೋಮವಾರ ಬಸವನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಮಣ್ಣಿನ ಮಂಕರಿಗಳನ್ನು ಎತ್ತುಗಳೇ ಮೇಲಕ್ಕೆಳೆಯುತ್ತಿದ್ದುದರಿಂದ ಸೋಮವಾರ ಬಂದರೆ ಎಲ್ಲ ಬಾವಿಗಳಲ್ಲೂ ಕೆಲಸ ಬಂದ್. ಉಳಿ ಹಾರೆಗಳ ಮೊನೆ ಮೊಂಡಾದರೆ ಕಮ್ಮಾರನ ಊರಿಗೆ ಹೋಗಿ ಬರುವ ತನಕ ಮತ್ತೆ ಬಂದ್. ಇವರು ಬಸವನ ತಂಟೆಗೆ ಹೋಗಲಿಲ್ಲ. ಸೋಮವಾರಕ್ಕೆ ಕಮ್ಮಾರನನ್ನೇ ಕುಲುಮೆ ಸಮೇತ ನಮ್ಮ ಹೊಲಕ್ಕೆ ಕರೆಸಿದರು. ವಾರಕ್ಕೆ ಬೇಕಾದ ಮೊನೆಗಳೆಲ್ಲ ಅವತ್ತೇ ತಯಾರು. ತೋಡುವವರ ಯಜಮಾನ ಇದನ್ನು ಕಂಡು ಖುಷಿಪಟ್ಟ. ಇನ್ನು ಮುಂದೆ ಎಲ್ಲಿ ತೋಡಿದರೂ ಸೋಮವಾರ ಕುಲುಮೆ ಕೂರಿಸುತ್ತೇನೆ ಎಂದ. ಬಂಡೆ ಸಿಕ್ಕಾಗ ಸಿಡಿಸಲು ಮದ್ದಿಲ್ಲ, ಮದ್ದೆಲ್ಲ ಯುದ್ಧಕ್ಕೆ. ನಮ್ಮಪ್ಪ ಆಲೆಮನೆಗೆಂದು ಇಟ್ಟಿದ್ದ ಜಾಲಿ ಸೌದೆಯನ್ನು ಗಾಡಿಗಳಲ್ಲಿ ಕಳಿಸಿದ. ಬಂಡೆಯ ಮೇಲೆ ಬೆಂಕಿ ಒಟ್ಟಿ, ಕಾದ ಮೇಲೆ ನೀರು ಸುರಿದರೆ ಬಂಡೆ ಪಟಪಟನೆ ಬಿರಿಯುತ್ತಿತ್ತು. ಆ ಸುರಿಯುವ ನೀರನ್ನು ಕಟ್ಟೆಯಿಂದ ಹೊತ್ತವಳು ನಾನು. ಒಂದು ದಿನವೂ ಭಾರ ಎನಿಸಲಿಲ್ಲ. ತೋಡುವವರಿಗೆ ಊಟ ತಂದಾಗ ಬಗ್ಗಿ ನೋಡುತ್ತಿದ್ದೆ. ಮಂದಿಗೆ ಬಾವಿ ಕೆಳಗಿಳಿಯುವುದು ಕಾಣುತ್ತಿತ್ತು, ನನಗೆ ಅಸ್ಸಾಮಿನ ರೈಲು ಹತ್ತಿರ ಬರುವುದು ಕಾಣುತ್ತಿತ್ತು.

ನೀರು ಬಂದದ್ದು ಒಂದು ಬೆಳಿಗ್ಗೆ, ಮಳೆಗೆ ಇನ್ನೂ ಬಹಳ ದಿನವಿರುವಾಗ. ಬಂಡೆಯ ಪಕ್ಕದ ಬಿರುಕಿನಿಂದ ತಣ್ಣಗೆ ಹೊರಟಿತು. ಕೆಳಗಿದ್ದವರು ಕೂಗುತ್ತಾ ಮೇಲೆ ಹತ್ತಿದರು. ಅತ್ತೆ ಗಂಗಮ್ಮನಿಗೆ ಕಾಯಿ ಒಡೆದು, ಬಾವಿಯ ಬಾಯಿಗೆ ಅರಿಶಿನ ಬಳಿದು, ಮಣ್ಣಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನನ್ನ ಗಂಡ ಗೋಡೆಯ ಮುಂದೆ ನಿಂತು ಇದ್ದಿಲಿನ ಅಂಕಿಗಳನ್ನು ನೋಡಿದರು. ಅಂದಾಜಿಗಿಂತ ಕಡಿಮೆಯಲ್ಲೇ ಮುಗಿದಿತ್ತು. ಸುತ್ತಲಿನ ಯಾವ ಊರಿನಲ್ಲೂ ಇಷ್ಟು ಅಗ್ಗಕ್ಕೆ ಬಾವಿಯಾಗಿರಲಿಲ್ಲ, ನೋಡಲು ಜನ ಬಂದರು. ಮಜ್ಜಿಗೆ ಕೊಟ್ಟಾಕೆಯೂ ಬಂದಿದ್ದಳು. ಅವರನ್ನು ಅಷ್ಟು ಹೆಮ್ಮೆಯಲ್ಲಿ ನಾನು ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಸುತ್ತ ಕಲ್ಲು ಕಟ್ಟಿಸಿ, ಕಪಿಲೆ ಕೂರಿಸಿದರು. ಬಾವಿ ಇದ್ದಮೇಲೆ ಹೊಲ ಸುಮ್ಮನಿರುತ್ತದೆಯೇ? ಅತ್ತೆ ಬದನೆ ಹಾಕಿಸಿದರು, ಮೆಣಸಿನ ಸಸಿ ಹಾಕಿಸಿದರು, ಮೂಲೆಯಲ್ಲಿ ಬದು ಕಟ್ಟಿದ ಒಂದು ಮಡಿಗೆ ಭತ್ತವನ್ನೂ ಚೆಲ್ಲಿದರು. ಬೆದ್ದಲಿನಲ್ಲೇ ಬಾಳಿದ ಜೀವ, ಮನೆಯ ಹೊಲದಲ್ಲಿ ಭತ್ತದ ಹಸಿರು ಕಂಡಾಗ ಅವರ ಮುಖ ನೋಡಬೇಕಿತ್ತು. ಕಪಿಲೆ ಹೊಡೆಯಲು ಅವರೇ ಕೂತರು. ಮಡಿಯಿಂದ ಮಡಿಗೆ ನೀರು ತಿರುಗಿಸಲು ಒಬ್ಬರು ಬೇಕು, ಗುದ್ದಲಿ ಹಿಡಿದು ನಾನು ನಿಂತೆ. ಹೊರಡುವ ತನಕ ತಾನೆ ಎಂದುಕೊಂಡೆ.

ಆಗ ಗೊತ್ತಾಯಿತು. ಅಗಲದ ಬಾವಿಯಲ್ಲಿ ಒಮ್ಮೆ ಊರಿದ ನೀರು ಬ್ಯಾಂಕಿನಲ್ಲಿಟ್ಟಂತೆ ನಿಂತಿರುತ್ತದೆ, ಬೆಳಿಗ್ಗೆ ಹೊಡೆದರೆ ಹೊಲವೆಲ್ಲ ನೆನೆಯುತ್ತದೆ, ಆಮೇಲೆ ಎತ್ತೂ ಜನವೂ ಮನೆಗೆ. ನಮ್ಮ ಬಾವಿಯಲ್ಲಿ ಬಿರುಕಿನಿಂದ ಒಸರುವ ಊಟೆಗೆ ಕೊರತೆಯಿರಲಿಲ್ಲ, ನೀರು ನಿಲ್ಲಲು ಜಾಗವಿರಲಿಲ್ಲ. ಕೆಲವು ಮಡಿ ನೆನೆಯುವಷ್ಟರಲ್ಲಿ ಚೀಲ ತಳ ಕೆರೆಯುತ್ತಿತ್ತು. ಎತ್ತು ಬಿಚ್ಚಬೇಕು, ಊರುವ ತನಕ ಕಾಯಬೇಕು, ಮತ್ತೆ ಕಟ್ಟಬೇಕು. ಬೆಳಿಗ್ಗೆ ಒಂದು ಸಲ, ಬಿಸಿಲೇರಿದ ಮೇಲೆ ಒಂದು ಸಲ, ಮಧ್ಯಾಹ್ನ, ಸಂಜೆ. ದಿನಕ್ಕೆ ಬರುವ ನೀರೇನೋ ಅಗಲದ ಬಾವಿಯಷ್ಟೇ, ಆದರೆ ನಿಧಾನಕ್ಕೆ ಬರುತ್ತಿತ್ತು. ಎಣ್ಣೆ ಬಾವಿಯಾಗಿದ್ದರೆ ಪಂಪು ಓಡುತ್ತಿತ್ತು. ಇಲ್ಲಿ ಪಂಪು ಎಂದರೆ ಅತ್ತೆ ಮತ್ತು ನಾನು.

ನನ್ನ ಗಂಡ ಬದುವಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಒಂದು ದಿನವೂ ಬಿಡದೆ ನೋಡಿದರು. ಏನನ್ನು ಕೂಡಿಸಿ ಕಳೆಯುತ್ತಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು, ಅವರ ತುಟಿ ಅಲ್ಲಾಡುತ್ತಿತ್ತು. ಕೇಳಲು ಧೈರ್ಯ ಬರಲಿಲ್ಲ. ಅವರ ಟ್ರಂಕಿಗೆ ನನ್ನ ಸೀರೆಗಳನ್ನೂ ಹಾಕಿ ಆಗಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಬಾವಿ ಊರಲೆಂದು ಎತ್ತು ಬಿಚ್ಚಿ, ಅತ್ತೆ ಮನೆಗೆ ಹೋಗಿದ್ದರು. ನಾನು ತೊಟ್ಟಿಯ ಪಕ್ಕ ಕೂತಿದ್ದೆ. ನನ್ನ ಗಂಡ ಬಂದು ಪಕ್ಕದಲ್ಲಿ ಕೂತರು.

"ನಿನ್ ಬದ್ಲು ಆಳ್ ಇಟ್ರೆ ಎಂಗೆ ಅಂತ ನೋಡ್ದೆ," ಎಂದರು. "ದಿನಪೂರ್ತಿ ಬೇಕು. ಬದನೇಕಾಯಿ ಮಾರಿದ್ದೆಲ್ಲ ಆಳ್ಗೇ ಓಯ್ತದೆ. ಬಾವಿ ಇದ್ದೂ ಅವ್ವಂಗೆ ಏನೂ ಉಳ್ಯಾಕಿಲ್ಲ."

ನಾನು ಗುದ್ದಲಿಗೆ ಅಂಟಿದ ಮಣ್ಣು ಕೆರೆದೆ.

"ನೀನಿದ್ರೆ ಆ ಖರ್ಚಿಲ್ಲ."

"ಗೋಡೆ ಮ್ಯಾಲೆ ಬರ್ದಾಗ ನನ್ ಎಲ್ಲಿ ಬರ್ದಿದ್ರಿ?" ಎಂದೆ.

ಅವರು ನಿಜವಾಗಿಯೂ ಯೋಚನೆ ಮಾಡಿದರು. "ಬರ್ದಿರ್ನಿಲ್ಲ. ಮನೆಯವ್ರ ಕೆಲ್ಸಾನ ಯಾರೂ ಬರ್ಯಾಕಿಲ್ಲ," ಎಂದರು. ಅದೂ ನಿಜವೇ. ನಮ್ಮ ಕಡೆ ಯಾವ ರೈತನೂ ಹೆಂಡತಿಯ ಕೂಲಿಯನ್ನು ಖರ್ಚಿಗೆ ಸೇರಿಸಿದ್ದು ನಾನು ಕಂಡಿಲ್ಲ, ನಮ್ಮಪ್ಪನೂ ಸೇರಿಸುತ್ತಿರಲಿಲ್ಲ. ಬರ್ಮಾದಲ್ಲಿ ಉಗುರಿನಷ್ಟು ಖರ್ಚನ್ನೂ ಬಿಡದೆ ಹಿಡಿಯುತ್ತಿದ್ದ ಮನುಷ್ಯ ಊರಿಗೆ ಬಂದು ಊರಿನವರಂತೆಯೇ ಲೆಕ್ಕ ಹಾಕಿದ್ದರು.

ಅವರು ನನ್ನ ಕೈ ಹಿಡಿದುಕೊಂಡರು. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಹಿಂದೆಂದೂ ಹಿಡಿದವರಲ್ಲ. "ಒಂದೇ ವರ್ಸ. ಅಲ್ಲಿ ಸಂಬಳ ಕೂಡಿಟ್ಟು ಬತ್ತೀನಿ. ಬಾವಿ ಬಾಯಿ ಅಗಲ ಮಾಡುಸ್ತೀನಿ. ಬೆಳಿಗ್ಗೆ ಒಂದೊತ್ತು ಒಡೆದ್ರೆ ಸಾಕು ಅನ್ನಂಗೆ ಆಯ್ತದೆ, ಅವ್ವ ಒಬ್ಳೇ ಒಂದ್ ಆಳ್ ಇಟ್ಕಂಡು ಮಾಡ್ಕತಾಳೆ. ಆಮೇಲೆ ನಿನ್ ಕರ್ಕಂಡ್ ಓಯ್ತೀನಿ."

ಆ ಮಾತು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಅದನ್ನು ಇನ್ನಷ್ಟು ಕೇಳಬೇಕೆನಿಸಿತು. ಅವರ ಬಾಯಲ್ಲೇ ಅದು ಆಗುವ ಕೆಲಸ ಎಂದು ಹೇಳಿಸಬೇಕೆನಿಸಿತು.

"ಬಾಯಿ ಅಗಲ ಮಾಡಾಕೆ ಏಟಾಯ್ತದೆ?" ಎಂದೆ.

ಬೇರೆ ಯಾವ ವಿಷಯದಲ್ಲಾದರೂ ಅವರು ನನ್ನ ಸಮಾಧಾನಕ್ಕೆ ಒಂದು ಸುಳ್ಳು ಹೇಳಬಲ್ಲವರಾಗಿದ್ದರು. ಈ ಪ್ರಶ್ನೆಗೆ ಅವರಿಗೆ ಸುಳ್ಳು ಬರುತ್ತಿರಲಿಲ್ಲ. ತಿರುಗಿ ಬಾವಿಯ ಬಾಯನ್ನು ಒಂದು ಸಲ ನೋಡಿದರು, ಕೆಲಸದ ಕಣ್ಣಿನಲ್ಲಿ.

"ಕಟ್ಟಿರೋ ಕಲ್ಲೆಲ್ಲ ಬಿಚ್ಚಬೇಕು. ಮ್ಯಾಲಿಂದ ಕೆಳಗಂಟ ಸುತ್ಲೂ ಬಂಡೆ ಕೀಳ್ಬೇಕು, ಅದೂ ನೀರಲ್ ನಿಂತ್ಕಂಡು. ಬೆಂಕಿ ಆಕಾಕೂ ಆಗಾಕಿಲ್ಲ," ಎಂದರು. "ಅಗಲದ್ ಒಸ ಬಾವಿ ತೋಡೋದ್ಕಿಂತ ಜಾಸ್ತಿ ಆಯ್ತದೆ. ಒಂದ್ ವರ್ಸದ್ ಸಂಬಳ ಸಾಲಾಕಿಲ್ಲ."

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿಬಿಟ್ಟರು ಎಂದು ಅವರಿಗೆ ಗೊತ್ತಾಯಿತು. ನನ್ನ ಕೈ ಬಿಡಲಿಲ್ಲ. ಅವರ ಅಂದಾಜು ತಪ್ಪಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವರು ಅಷ್ಟು ಬೇಕು ಎಂದು ನನಗೆ ಅನಿಸಿದ್ದು ಆಗ, ಕೈ ಅವರ ಕೈಯಲ್ಲಿರುವಾಗಲೇ.

ಮನೆಗೆ ಹೋಗಿ ಟ್ರಂಕಿನಿಂದ ನನ್ನ ಸೀರೆಗಳನ್ನು ಹೊರಗೆ ತೆಗೆದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಓಗು ಕಣವ್ವ, ನಾನ್ ಎಂಗೋ ಮಾಡ್ಕತೀನಿ," ಎಂದರು. ಮನಸಾರೆ ಹೇಳಿದರು, ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ನನ್ನ ಗಂಡ ಗಾಡಿ ಕಟ್ಟಿಸಿ ಮದ್ದೂರಿನ ಸ್ಟೇಷನ್ನಿಗೆ ಹೊರಟರು. ಸ್ಟೇಷನ್ನಿನ ತನಕವಾದರೂ ಹೋಗಬೇಕೆಂದು ನಾನು ಬೆಳಿಗ್ಗೆಯೇ ತಲೆ ಬಾಚಿಕೊಂಡಿದ್ದೆ. ಆದರೆ ಗಾಡಿ ಬರುವ ಹೊತ್ತಿಗೆ ಬಾವಿ ಊರಿತ್ತು, ಬಿಸಿಲಿಗೆ ಬದನೆ ಸಸಿಗಳು ತಲೆ ಬಾಗಿಸಿದ್ದವು, ಅತ್ತೆ ಎತ್ತು ಕಟ್ಟಿ ಆಗಿತ್ತು. ಗುದ್ದಲಿ ಹಿಡಿದು ನಿಂತ ಜಾಗದಿಂದಲೇ ದಾರಿ ಕಾಣುತ್ತಿತ್ತು. ಗಾಡಿಯ ಹಿಂಭಾಗದಲ್ಲಿ ಈ ಕಡೆ ಮುಖ ಮಾಡಿ ಕೂತಿದ್ದರು, ಕೈ ಎತ್ತಿದರು. ನಾನೂ ಎತ್ತಿದೆ. ಅಷ್ಟರಲ್ಲಿ ಮಡಿ ತುಂಬಿ ನೀರು ನನ್ನ ಕಾಲಿಗೆ ಬಂತು. ಬದು ಕಡಿದು ಮುಂದಿನ ಮಡಿಗೆ ತಿರುಗಿಸಿದೆ.